ಮೇಷ್ಟ್ರು ಬಿಡುತ್ತಿದ್ದ ಕೊನೆಯ ಪದ

ವಸಂತಕುಮಾರ್ ಮೇಷ್ಟ್ರು ಪಾಠಕ್ಕೆ ನಿಂತರೆಂದರೆ ಒಂದು ವಾಕ್ಯವನ್ನೂ ತಾವೇ ಪೂರ್ತಿ ಮುಗಿಸಿದವರಲ್ಲ. ಮಾತು ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ, ಮಾತು ಧಾರಾಳವಾಗಿಯೇ ಬರುತ್ತಿತ್ತು. ಆದರೆ ವಾಕ್ಯದ ಕೊನೆಯ ಪದವನ್ನು ಮಾತ್ರ ಅವರು ಬಾಯಿಂದ ಆಚೆ ಬಿಡುತ್ತಿರಲಿಲ್ಲ. “ಕೆರೆಗೆ ಕಲ್ಲು ಹಾಕಿದರೆ ಅಲೆ ದಡಕ್ಕೆ ಬರುತ್ತದೆ, ನೀರು ಮಾತ್ರ ದಡಕ್ಕೆ...” ಎಂದು ರಾಗ ಎಳೆದು, ಹುಬ್ಬು ಮೇಲೇರಿಸಿ, ಸೀಮೆಸುಣ್ಣ ಹಿಡಿದ ಕೈಯನ್ನು ಮಕ್ಕಳ ಕಡೆಗೆ ಚಾಚಿ ನಿಂತುಬಿಡುತ್ತಿದ್ದರು. “ಬರುವುದಿಲ್ಲಾ” ಎಂದು ಇಡೀ ತರಗತಿ ಒಂದೇ ಉಸಿರಿನಲ್ಲಿ ಕೂಗಿದರೆ ಮೈಸೂರಿನ ಆ ಅನುದಾನಿತ ಹೈಸ್ಕೂಲಿನ ಹೆಂಚಿನ ಮೇಲೆ ಕೂತಿದ್ದ ಪಾರಿವಾಳಗಳು ಹಾರಿಹೋಗುತ್ತಿದ್ದವು. ಪಕ್ಕದ ಕೋಣೆಯ ಹಿಂದಿ ಪಂಡಿತರು ಬಂದು ಕೈ ಮುಗಿದದ್ದೂ ಉಂಟು.

ನಮ್ಮ ಕಡೆಯ ಮೇಷ್ಟ್ರುಗಳೆಲ್ಲ ಹೆಚ್ಚುಕಡಿಮೆ ಹೀಗೇ. ಕೊನೆಯ ಪದ ಮಕ್ಕಳದು. ಅದು ಬಂತೆಂದರೆ ಪಾಠ ತಲೆಗೆ ಹೋಗಿದೆ, ಬರಲಿಲ್ಲ ಎಂದರೆ ಮತ್ತೆ ಮೊದಲಿಂದ. ವಸಂತಕುಮಾರ್ ಮೇಷ್ಟ್ರು ಇದನ್ನೊಂದು ಪದ್ಧತಿ ಎಂದೇನೂ ತಿಳಿದಿರಲಿಲ್ಲ. ಅವರ ಪಾಲಿಗೆ ಪಾಠ ಎಂದರೇ ಅದು.

ಅವರ ಹೆಂಡತಿ ಇಂದುಮತಿಗೆ ರಕ್ತ ಪರೀಕ್ಷೆಯ ಲ್ಯಾಬಿನ ಅನುಭವದ ಮೇಲೆ ಆಸ್ಟ್ರೇಲಿಯಾದ ವೀಸಾ ಸಿಕ್ಕಿತು. “ನಾನು ಬಾಲಂಗೋಚಿ” ಎಂದು ಎಲ್ಲರಿಗೂ ಹೇಳಿಕೊಂಡು ಮೇಷ್ಟ್ರು ಹಿಂದೆಯೇ ಬಂದು ಅಡಿಲೇಡಿನ ಮಾಡ್ಬರಿಯಲ್ಲಿ ಇಳಿದರು. ಮಕ್ಕಳಿರಲಿಲ್ಲ, ಮೈಸೂರಿನ ಮನೆ ಬಾಡಿಗೆಯದು, ಹಿಂದಕ್ಕೆ ಎಳೆಯುವಂಥದ್ದು ಏನೂ ಇರಲಿಲ್ಲ. ಫಿಸಿಕ್ಸ್ ಮೇಷ್ಟ್ರಿಗೆ ಯಾವ ದೇಶದಲ್ಲಾದರೂ ಕೆಲಸ ಸಿಗುತ್ತದೆ, ಬೆಳಕಿನ ವೇಗ ಎಲ್ಲ ಕಡೆ ಒಂದೇ ತಾನೇ ಎಂದು ಧೈರ್ಯವಾಗಿದ್ದರು. ಬೆಳಕಿನ ವೇಗ ಒಂದೇ ಇತ್ತು. ಆದರೆ ತರಗತಿ ಬೇರೆ ಇತ್ತು. ಟೀಚರ್ ಆಗಿ ನೋಂದಣಿಯಾಗಬೇಕಾದರೆ ಮತ್ತೆ ಓದಬೇಕು, ಯಾವುದಾದರೂ ಶಾಲೆಯಲ್ಲಿ ಕೆಲವು ವಾರ ಪಾಠ ಮಾಡಿ ತೋರಿಸಬೇಕು ಎಂದರು. ಓದಿದರು, ತೋರಿಸಲೂ ಹೋದರು. ಅಲ್ಲಿನ ಹುಡುಗರ ಮುಂದೆ ವಾಕ್ಯದ ಕೊನೆಯ ಪದ ಬಿಟ್ಟು ಕೈ ಚಾಚಿ ನಿಂತರೆ, ಪಾಪ, ಈ ಮನುಷ್ಯನಿಗೆ ಪದ ಮರೆತುಹೋಗಿದೆ ಎಂದು ಅವರು ಕನಿಕರದಿಂದ ಕಾಯುತ್ತಿದ್ದರು. ಒಬ್ಬ ಹುಡುಗಿ ಅಂತೂ ನೀರಿನ ಬಾಟಲಿಯನ್ನೇ ಚಾಚಿದಳಂತೆ. ಮೇಷ್ಟ್ರು ಇದನ್ನು ಆಮೇಲೆ ನಗುತ್ತಲೇ ಹೇಳುತ್ತಿದ್ದರು, ಆದರೆ ಆ ಶಾಲೆಯ ರಸ್ತೆಯಲ್ಲಿ ಮತ್ತೆ ಕಾರು ಓಡಿಸಲಿಲ್ಲ.

ಕೊನೆಗೆ ಸೇರಿದ್ದು ಕಾರಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಗೆ. ಅಲ್ಲಿ ತಗಡು ಬಡಿಯುವ ಪ್ರೆಸ್ಸುಗಳು ಬೆಳಗಿನಿಂದ ಸಂಜೆಯವರೆಗೆ ನೆಲ ನಡುಗಿಸುತ್ತಿದ್ದವು. ಎಲ್ಲರಿಗೂ ಕಿವಿ ಮುಚ್ಚುವ ದಪ್ಪ ಬಟ್ಟಲುಗಳನ್ನು ಕೊಟ್ಟಿದ್ದರು, ಹಾಕಿಕೊಳ್ಳದಿದ್ದರೆ ಬೈಯುತ್ತಲೂ ಇದ್ದರು. ಮೇಷ್ಟ್ರೂ ಹಾಕಿಕೊಂಡರು. ಆದರೆ ಫೋರ್‌ಮನ್ ಇಲ್ಲೇ ಹುಟ್ಟಿ ಬೆಳೆದವನು, ಅವನ ಇಂಗ್ಲಿಷು ಅರ್ಧ ಬಾಯಲ್ಲಿ ಅರ್ಧ ಮೂಗಿನಲ್ಲಿ. ಅವನು ಏನೋ ಹೇಳಿ ಹೋಗುವುದು, ಇವರು ಬಟ್ಟಲು ಸರಿಸಿ “ಪಾರ್ಡನ್?” ಎನ್ನುವುದು, ಅವನು ಮತ್ತೆ ಹೇಳುವುದು, ಇವರು ಮತ್ತೆ “ಪಾರ್ಡನ್?”. ಸಾಲಿನಲ್ಲಿದ್ದವರು ನಗುತ್ತಿದ್ದರು, ಕೆಟ್ಟ ನಗೆಯೇನಲ್ಲ. ಆದರೂ ಇಷ್ಟು ವರ್ಷ “ಅರ್ಥವಾಯ್ತೇ?” ಎಂದು ಕೇಳಿದ ಬಾಯಲ್ಲಿ “ಅರ್ಥವಾಗಲಿಲ್ಲ” ಎನ್ನುವುದು ಅವರಿಗೆ ಸಾವಿಗೆ ಸಮಾನವಾಯಿತು. ಒಂದು ದಿನ ಮೇಷ್ಟ್ರು ಎಡಗಿವಿಯ ಬಟ್ಟಲನ್ನು ಸ್ವಲ್ಪ ಮೇಲಕ್ಕೆ ಸರಿಸಿಕೊಂಡರು. ಎಡಗಿವಿ ಗುಂಯ್ ಎಂದರೆ ಮಾರನೆಯ ದಿನ ಬಲದ್ದು. ಫೋರ್‌ಮನ್ ಹೇಳಿದ್ದು ಒಂದೇ ಸಲಕ್ಕೆ ಗೊತ್ತಾಗತೊಡಗಿತು. ವರ್ಷಗಟ್ಟಲೆ ಹೀಗೇ ನಡೆಯಿತು. ಕಿವಿ ತಪಾಸಣೆಯ ವ್ಯಾನು ಕಾರ್ಖಾನೆಗೆ ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡರು.

ಶಬ್ದವೂ ಒಂದು ಅಲೆ, ಅಲೆ ಎಂದರೆ ಸಾಗುವ ಶಕ್ತಿ, ಆ ಶಕ್ತಿ ಅತಿಯಾದರೆ ಕಿವಿಯೊಳಗಿನ ನವಿರು ರೋಮಗಳು ಮಲಗಿಬಿಡುತ್ತವೆ, ಮಲಗಿದವು ಮತ್ತೆ ಏಳುವುದಿಲ್ಲ. ಇದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವರೇ ಅವರು. ಗೊತ್ತಿದ್ದೂ ಮಾಡಿಕೊಂಡರು. ಪೆದ್ದುತನ ಎನ್ನುವವರು ಎನ್ನಲಿ. ಹೊಸ ಊರಿನಲ್ಲಿ ಮಾತು ಅರ್ಥವಾಗದವನೆಂದು ಕಾಣಿಸಿಕೊಳ್ಳುವ ನಾಚಿಕೆ ಎಷ್ಟು ಸುಡುತ್ತದೆ ಎಂದು ಗೊತ್ತಿರುವವರು ಸುಲಭವಾಗಿ ಬೈಯಲಾರರು.

ಅವರನ್ನು ಉಳಿಸಿದ್ದು ಗ್ಯಾರೇಜು. ಬಡಾವಣೆಯ ಒಂದೆರಡು ಕನ್ನಡದ ಮನೆಯವರು, ಮಕ್ಕಳಿಗೆ ಸ್ವಲ್ಪ ಸೈನ್ಸ್ ಹೇಳಿಕೊಡಿ ಸಾರ್ ಎಂದು ಕೇಳಿದರು. ಮೇಷ್ಟ್ರು ಕಾರನ್ನು ಆಚೆ ನಿಲ್ಲಿಸಿ, ಗ್ಯಾರೇಜು ಗುಡಿಸಿ, ಗೋಡೆಗೆ ಬೋರ್ಡು ಹೊಡೆದರು. ಶನಿವಾರದ ಬೆಳಗು ಬಂದರೆ ಇಸ್ತ್ರಿ ಮಾಡಿದ ಷರ್ಟು, ಜೇಬಿನಲ್ಲಿ ಪೆನ್ನು. ಕನ್ನಡ ಇಂಗ್ಲಿಷು ಬೆರೆಸಿ ಪಾಠ, ಅಚ್ಚ ಕನ್ನಡದಲ್ಲಿ ಬೈಗುಳ. ಮಕ್ಕಳು ಮೊದಮೊದಲು ತಬ್ಬಿಬ್ಬಾದರೂ ಬೇಗ ಪದ್ಧತಿ ಹಿಡಿದರು. “ಆವೃತ್ತಿ ಹೆಚ್ಚಾದರೆ ತರಂಗದೂರ...” ಎಂದು ಕೈ ಚಾಚಿದರೆ “ಡಿಕ್ರೀಸಸ್” ಎಂದು ಗ್ಯಾರೇಜು ಗುಡುಗುತ್ತಿತ್ತು. ಆ ಗುಡುಗು ಕೇಳಿದ ವಾರವೆಲ್ಲ ಮೇಷ್ಟ್ರು ಕಾರ್ಖಾನೆಗೆ ಹೊರಡುವಾಗ ಸೀಟಿ ಹೊಡೆಯುತ್ತಿದ್ದರು ಎಂದು ಇಂದುಮತಿ ಹೇಳುತ್ತಾರೆ. ದೇಶದಲ್ಲಿ ಕಾರು ತಯಾರಿಕೆಯೇ ನಿಂತುಹೋಗುವ ಕಾಲ ಬಂದು ಅವರ ಕಾರ್ಖಾನೆಗೂ ಬೀಗ ಬಿದ್ದಾಗ ಸಹೋದ್ಯೋಗಿಗಳು ಅತ್ತರು. ಮೇಷ್ಟ್ರು ಅಳಲಿಲ್ಲ. ಶನಿವಾರ ಇತ್ತಲ್ಲ, ಅದರ ಜೊತೆಗೆ ಭಾನುವಾರವನ್ನೂ ಸೇರಿಸಿಕೊಂಡರು.

ತೊಂದರೆ ಶುರುವಾದದ್ದು ಆಮೇಲೆ. ಕೊನೆಯ ಪದ ಬಿಟ್ಟು ಕೈ ಚಾಚಿದರೆ ಬರುತ್ತಿದ್ದದ್ದು ಗುಡುಗಲ್ಲ, ಗೊಣಗು. ಮಕ್ಕಳ ತುಟಿ ಅಲ್ಲಾಡುತ್ತಿತ್ತು, ಏನೋ ಸದ್ದೂ ಬರುತ್ತಿತ್ತು, ಬಾಯೊಳಗೆ ಬೋಂಡ ಇಟ್ಟುಕೊಂಡು ಮಾತಾಡಿದ ಹಾಗೆ. “ಬಾಯಿ ಬಿಟ್ಟು ಹೇಳಿ” ಎಂದು ಮೇಷ್ಟ್ರು ಗದರುತ್ತಿದ್ದರು. ಜೋರಾಗಿ ಹೇಳುತ್ತಿದ್ದವನು ಅಲ್ವಿನ್ ಒಬ್ಬನೇ. ಮಂಗಳೂರಿನ ಕಡೆಯಿಂದ ಕುವೈತ್ ಮೇಲೆ ಬಂದವರ ಮಗ, ಹೊಸದಾಗಿ ಗಂಟಲು ಒಡೆದು ದನಿ ಡೊಳ್ಳಿನಂತಾಗಿತ್ತು. ಉಳಿದವರದು ಏನೂ ಇಲ್ಲ. ಅದರಲ್ಲೂ ಅದಿತಿ. ಬ್ರಿಸ್ಬೇನಿನಿಂದ ಆ ವರ್ಷವಷ್ಟೇ ಬಂದ ಸುಭದ್ರಾ ಅವರ ಮಗಳು, ಒಂಬತ್ತನೆಯ ತರಗತಿ, ತೆಳ್ಳಗಿನ ದನಿಯ ಹುಡುಗಿ. ಮೇಷ್ಟ್ರು ನೇರವಾಗಿ ಅವಳನ್ನೇ ನೋಡಿ ವಾಕ್ಯ ಬಿಟ್ಟರೂ ಅವಳು ತುಟಿ ಒಂದಿಷ್ಟು ಅಲ್ಲಾಡಿಸಿ ಸುಮ್ಮನಾಗುತ್ತಿದ್ದಳು.

ಮೇಷ್ಟ್ರಿಗೆ ಇದಕ್ಕೆ ಕಾರಣ ಗೊತ್ತಿತ್ತು. ಅಡಿಲೇಡಿನ ಕನ್ನಡಿಗರಿಗೆಲ್ಲ ಗೊತ್ತಿರುವ ಕಾರಣ ಅದು. ಇಲ್ಲಿ ಬೆಳೆದ ಮಕ್ಕಳೇ ಹಾಗೆ, ದೊಡ್ಡವರು ಕೇಳಿದರೆ ಅರ್ಧ ನುಂಗಿ ಉತ್ತರ ಹೇಳುತ್ತವೆ, ಗೌರವ ಇಲ್ಲ, ಆಸಕ್ತಿ ಇಲ್ಲ. ಯಾರ ಮನೆಗೆ ಹೋದರೂ ಕಾಫಿಯ ಜೊತೆಗೆ ಈ ಮಾತು ಸಿಗುತ್ತಿತ್ತು. ಹಾಗಾಗಿ ಬೇರೆ ಕಾರಣ ಹುಡುಕುವ ಗೋಜಿಗೆ ಅವರು ಹೋಗಲೇ ಇಲ್ಲ.

ಇಂದುಮತಿ ಒಮ್ಮೆ ಹೇಳಿನೋಡಿದರು. “ರೀ, ಒಂದ್ಸಲ ಕಿವಿ ತೋರಿಸ್ಕೊಳ್ಳಿ. ಟೀವಿ ಎಷ್ಟು ಜೋರಾಗಿ ಇಟ್ಕೋತೀರಾ ಗೊತ್ತಾ ನಿಮಗೆ?”

“ನಿನ್ನ ಮಾತು ಕೇಳಿಸ್ತಾ ಇದೆಯಲ್ಲ, ಅಷ್ಟು ಸಾಕು ನನಗೆ” ಎಂದರು ಮೇಷ್ಟ್ರು.

ಅವರಿಗೆ ಕೇಳಿಸಲಿ ಎಂದು ತಾನು ಎಷ್ಟೋ ವರ್ಷದಿಂದ ಗಂಟಲು ಎತ್ತಿಯೇ ಮಾತಾಡುತ್ತಿದ್ದೇನೆ ಎಂದು ಇಂದುಮತಿ ಹೇಳಲಿಲ್ಲ. ಆ ಮನುಷ್ಯ ಈ ದೇಶಕ್ಕೆ ಬಂದು ಕಳೆದುಕೊಂಡದ್ದು ಸಾಕಷ್ಟಾಗಿದೆ, ಇನ್ನೊಂದನ್ನು ನಾನು ಎತ್ತಿ ತೋರಿಸುವುದು ಬೇಡ ಎಂದುಕೊಂಡರು.

ಪರ್ತ್‌ನ ಬೆಂಟ್ಲಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ, ಗ್ಯಾರೇಜಿನ ಹಳೆಯ ಶಿಷ್ಯ ಉತ್ತಮ್ ಆಗಾಗ ಫೋನ್ ಮಾಡುತ್ತಿದ್ದ. ಅವನ ಹತ್ತಿರ ಮೇಷ್ಟ್ರು ದುಃಖ ತೋಡಿಕೊಂಡರು. “ನಿಮ್ಮ ಬ್ಯಾಚೇ ಬ್ಯಾಚು ಕಣೋ. ಈಗಿನವು ಬಾಯೇ ಬಿಡಲ್ಲ.”

ಉತ್ತಮ್ ನಕ್ಕ. “ಅಂಕಲ್, ನಮಗೂ ಹಾಗೇ ಹೇಳ್ತಿದ್ರಿ ನೀವು. ಜೋರಾಗಿ, ಜೋರಾಗಿ ಅಂತ. ಅದಕ್ಕೇ ನಾನು ಕಿರುಚ್ತಾ ಇದ್ದೆ.”

ಮೇಷ್ಟ್ರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಯುಗಾದಿ ಕಳೆದ ವಾರ ಪಾರ್ಕಿನಲ್ಲಿ ಎಲ್ಲರೂ ಸೇರಿ ಬಾರ್ಬಿ, ಅಂದರೆ ಬಯಲಲ್ಲೇ ಸುಟ್ಟು ತಿನ್ನುವ ಬಾರ್ಬೆಕ್ಯೂ ಊಟ, ಇಟ್ಟುಕೊಂಡಿದ್ದರು. ಒಂದು ಕಡೆ ಕಾವಲಿಯ ಮೇಲೆ ಪನೀರು, ಜೋಳ, ಇನ್ನೊಂದು ಕಡೆ ಡಬ್ಬಿಯಲ್ಲಿ ಪುಳಿಯೋಗರೆ. ಸುಭದ್ರಾ ಸೌಜನ್ಯಕ್ಕೆಂದು ಕೇಳಿದರು, “ಹೇಗೆ ಓದ್ತಿದಾಳೆ ಸಾರ್ ನಮ್ಮ ಅದಿತಿ?”

“ಓದೋದೆಲ್ಲಿ ಬಂತಮ್ಮ? ಬಾಯೇ ಬಿಡಲ್ಲ ನಿಮ್ಮ ಹುಡುಗಿ. ನಾನು ಕೇಳ್ತಾನೇ ಇರ್ತೀನಿ, ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ. ಇಷ್ಟ ಇಲ್ದಿದ್ರೆ ಕಳಿಸ್ಬೇಡಿ, ಬಲವಂತ ಯಾಕೆ?”

ಮೇಷ್ಟ್ರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಿರಲಿಲ್ಲ. ಪಾರ್ಕಿನ ಆ ಮೂಲೆಗೂ ಕೇಳಿಸಿತು. ಸುಭದ್ರಾ ಅವರ ಮುಖ ಸಣ್ಣದಾಯಿತು. ಪಕ್ಕದಲ್ಲಿದ್ದವರು, ಇಲ್ಲಿಯ ಮಕ್ಕಳೇ ಹಾಗೆ ಬಿಡಿ ಎಂದು ತಮ್ಮ ತಮ್ಮ ಮಕ್ಕಳನ್ನೂ ಸೇರಿಸಿ ಬೈದು ಸಮಾಧಾನ ಮಾಡಿದರು. ಕಾವಲಿಯ ಹತ್ತಿರ ಕಾಗದದ ತಟ್ಟೆ ಹಿಡಿದು ನಿಂತಿದ್ದ ಅದಿತಿ ತಟ್ಟೆಯನ್ನು ಹಾಗೇ ಬೆಂಚಿನ ಮೇಲಿಟ್ಟು ಕಾರಿನಲ್ಲಿ ಹೋಗಿ ಕೂತಳು.

ಮುಂದಿನ ಪಾಠದಿಂದ ಅವಳ ತುಟಿಯೂ ಅಲ್ಲಾಡಲಿಲ್ಲ. ಪುಸ್ತಕ ನೋಡುತ್ತ ಕೂತಿರುತ್ತಿದ್ದಳು. ಅವಳನ್ನು ನೋಡಿ ಇನ್ನೊಬ್ಬಳು ನಿಲ್ಲಿಸಿದಳು. ಗ್ಯಾರೇಜಿನಲ್ಲಿ ಅಲ್ವಿನ್ ಒಬ್ಬನ ಡೊಳ್ಳು ಮಾತ್ರ ಉಳಿಯಿತು. ಮೇಷ್ಟ್ರಿಗೆ ಮನಸ್ಸು ಮುರಿಯಿತು. ಉತ್ತರ ಬಾರದ ಕಡೆ ಕೈ ಚಾಚಿಕೊಂಡು ನಿಲ್ಲುವುದು ಭಿಕ್ಷೆ ಬೇಡಿದ ಹಾಗೆ ಅನ್ನಿಸಿತು. ಅಲೆಗಳ ಪಾಠ ಶುರು ಮಾಡಿದ್ದೇನೆ, ಶಾಲೆಯಲ್ಲಿ ಅದರ ಟೆಸ್ಟ್ ಇದೆ, ಅದೊಂದು ಮುಗಿಸಿ ಗ್ಯಾರೇಜು ಮುಚ್ಚಿಬಿಡುತ್ತೇನೆ ಎಂದು ಹೆಂಡತಿಗೆ ಹೇಳಿದರು. ಇಂದುಮತಿಗೆ ದಿಗಿಲಾಯಿತು. ಕಾರ್ಖಾನೆ ಹೋಯಿತು, ಈಗ ಇದೂ ಹೋದರೆ ಈ ಮನುಷ್ಯ ಬೆಳಗಾದರೆ ಇಸ್ತ್ರಿ ಷರ್ಟು ಹಾಕಿಕೊಂಡು ಎಲ್ಲಿಗೆ ಹೋಗಬೇಕು?

ಆ ಕೊನೆಯ ಶನಿವಾರ ಮೇಷ್ಟ್ರು ಪಾಠಕ್ಕೆ ಬೇಕಾದ ಸಾಮಾನನ್ನೆಲ್ಲ ಹೊಂದಿಸಿಕೊಂಡಿದ್ದರು. ಹೋಗುವುದೇ ಆದರೆ ಚೆನ್ನಾಗಿ ಪಾಠ ಮಾಡಿ ಹೋಗುತ್ತೇನೆ ಎನ್ನುವ ಛಲ ಅವರದು. ಮೊದಲು ಇಂದುಮತಿಯ ಹಳೆಯ ಹತ್ತಿ ಸೀರೆಯ ಒಂದು ತುದಿಯನ್ನು ಅಲ್ವಿನ್ ಕೈಗೆ ಕೊಟ್ಟು, ಇನ್ನೊಂದು ತುದಿಯನ್ನು ತಾವು ಹಿಡಿದು, ಒಣಗಿಸುವಾಗ ಒದರುವ ಹಾಗೆ ಒಮ್ಮೆ ಒದರಿದರು. ಸೀರೆಯ ಉದ್ದಕ್ಕೂ ಒಂದು ಉಬ್ಬು ಓಡಿಹೋಗಿ ಅಲ್ವಿನ್ ಕೈಯನ್ನು ಹಿಡಿದು ಎಳೆಯಿತು.

“ಅಲೆ ಅಲ್ವಿನ್ ಹತ್ರ ಹೋಯ್ತು. ಸೀರೆ ಎಲ್ಲಿದೆ? ನನ್ನ ಕೈಯಲ್ಲೇ ಇದೆ. ಸೀರೆ ಮೇಲೆ ಕೆಳಗೆ ಆಡ್ತು, ಅಲೆ ಅಡ್ಡಕ್ಕೆ ಓಡ್ತು. ಇಂಥ ಅಲೆಗೆ ಹೆಸರು...”

“ಟ್ರಾನ್ಸ್‌ವರ್ಸ್” ಎಂದ ಅಲ್ವಿನ್. ಉಳಿದವರು ಸೀರೆ ನೋಡುತ್ತಿದ್ದರು.

ಆಮೇಲೆ ಬೋರ್ಡಿನ ಈ ತುದಿಯಿಂದ ಆ ತುದಿಗೆ ಗೆರೆ ಎಳೆದು ರೇಡಿಯೋ ತರಂಗದಿಂದ ಗಾಮಾ ಕಿರಣದವರೆಗೆ ಗುರುತು ಹಾಕಿದರು. ಅದರ ನಡುವೆ ಬೆರಳಿನಷ್ಟು ಅಗಲ ಬಿಟ್ಟು, ಇಷ್ಟೇ ನಮ್ಮ ಕಣ್ಣಿನ ಪಾಲು, ಏಳು ಬಣ್ಣಗಳೂ ಇದರೊಳಗೇ ಎಂದರು. ಟೀವಿಯ ರಿಮೋಟನ್ನು ಮಕ್ಕಳ ಕಡೆ ತಿರುಗಿಸಿ ಗುಂಡಿ ಒತ್ತಿದರು. ಏನೂ ಕಾಣಲಿಲ್ಲ. ಅಲ್ವಿನ್‌ನ ಫೋನಿನ ಕ್ಯಾಮೆರಾದಲ್ಲಿ ನೋಡಿ ಎಂದರು. ಫೋನಿನ ಪರದೆಯ ಮೇಲೆ ರಿಮೋಟಿನ ಮೂತಿಯಲ್ಲಿ ನೇರಳೆ ಬಣ್ಣದ ಚುಕ್ಕೆಯೊಂದು ಮಿಣಮಿಣ ಎಂದಿತು. ಮಕ್ಕಳೆಲ್ಲ ಫೋನಿನ ಸುತ್ತ ಮುತ್ತಿಕೊಂಡರು. ಅದಿತಿ ಕೂಡ ಎದ್ದು ಬಂದು ಇಣುಕಿದಳು.

“ಇದು ಅವಕೆಂಪು, ಅಂದ್ರೆ ಇನ್‌ಫ್ರಾರೆಡ್. ಕಾಣಿಸ್ಲಿಲ್ಲ ಅಂದ್ರೆ ಬೆಳಕು ಇಲ್ಲ ಅಂತಲ್ಲ. ಬೆಳಕು ಇದೆ. ನಮ್ಮ ಕಣ್ಣು...”

“ಸಾಲದು” ಎಂದ ಅಲ್ವಿನ್. ಮೇಷ್ಟ್ರಿಗೆ ಖುಷಿಯಾಯಿತು.

“ಶಬ್ದಕ್ಕೂ ಹೀಗೇ. ಅದು ಈ ಗೆರೆಯ ಮೇಲಿನದಲ್ಲ, ಅದರ ಜಾತಿ ಬೇರೆ, ಅದಕ್ಕೆ ಗಾಳಿ ಬೇಕು. ಆದ್ರೂ ಅದಕ್ಕೂ ಆವೃತ್ತಿ ಇದೆ, ನಮ್ಮ ಕಿವಿಗೂ ಒಂದು ಮಿತಿ ಇದೆ. ಈಗ ನೋಡೋಣ” ಎಂದು ತಮ್ಮ ಫೋನನ್ನು ಹಳೆಯ ಸ್ಪೀಕರಿಗೆ ಸಿಕ್ಕಿಸಿದರು. ಬೇಕಾದ ಆವೃತ್ತಿಯ ಶಬ್ದ ಹೊರಡಿಸುವ ಆ್ಯಪ್ ಒಂದನ್ನು ಹಾಕಿಕೊಂಡಿದ್ದರು. “ಕೇಳಿಸೋವರೆಗೂ ಕೈ ಎತ್ತಿರಿ, ನಿಂತಾಗ ಇಳಿಸಿ. ವಯಸ್ಸಾದವರಿಗೆ ಮೇಲಿನದು ಬೇಗ ನಿಲ್ಲುತ್ತೆ. ಹನ್ನೆರಡು ಸಾವಿರ ಹರ್ಟ್ಜ್ ಹತ್ರ ನಾನು ಔಟು. ನೀವು ಇನ್ನೂ ಆಡ್ತಿರ್ತೀರಿ.”

ತಾವೂ ಒಂದು ಕೈ ಎತ್ತಿಕೊಂಡು ಇನ್ನೊಂದು ಕೈಯಲ್ಲಿ ಆವೃತ್ತಿ ಏರಿಸತೊಡಗಿದರು. ಹಡಗಿನ ಕೂಗಿನಂತೆ ಶುರುವಾದ ಶಬ್ದ ಕೊಳಲಾಯಿತು, ಕೊಳಲು ಸೀಟಿಯಾಯಿತು, ಸೀಟಿ ತೆಳ್ಳಗಾಗುತ್ತ ಹೋಗಿ ನಿಂತುಹೋಯಿತು. ಮೇಷ್ಟ್ರು ತಮ್ಮ ಕೈ ಇಳಿಸಿ ಇನ್ನೂ ಏರಿಸುತ್ತ ಹೋದರು. ಮಕ್ಕಳ ಕೈಗಳೆಲ್ಲ ಮೇಲೇ ಇದ್ದವು.

ವೈರು ಸಡಿಲವಾಗಿರಬೇಕು ಎಂದು ಮೇಷ್ಟ್ರು ಅದನ್ನು ತಿರುಚಿ ನೋಡಿದರು. ಸ್ಪೀಕರಿನ ತಲೆಗೆ ಎರಡು ತಟ್ಟಿದರು. ಶಬ್ದ ಹೆಚ್ಚಿಸುವ ತಿರುಪನ್ನು ಅರ್ಧ ತಿರುಗಿಸಿದರು. ಮಕ್ಕಳು ಎತ್ತಿದ ಕೈಗಳನ್ನು ಇಳಿಸಿ ಕಿವಿ ಮುಚ್ಚಿಕೊಂಡರು.

“ಆಟ ಆಡ್ತಿದೀರಾ ನನ್ನ ಹತ್ರ?” ಮೇಷ್ಟ್ರಿಗೆ ರೇಗಿತು. “ಶಬ್ದವೇ ಇಲ್ಲ, ಕಿವಿ ಮುಚ್ಕೊಂಡು ನಾಟಕ ಮಾಡ್ತೀರಾ?” ತಿರುಪನ್ನು ಕೊನೆಯವರೆಗೂ ತಿರುಗಿಸಿದರು.

ಅಲ್ವಿನ್ ಮುಖ ಹಿಂಡಿಕೊಂಡು ಗ್ಯಾರೇಜಿನಿಂದ ಆಚೆ ಓಡಿದ. ಚಿಕ್ಕ ಹುಡುಗಿಯೊಬ್ಬಳು ಮೊಣಕಾಲ ನಡುವೆ ತಲೆ ಇಟ್ಟಳು. ಪಕ್ಕದ ಮನೆಯ ನಾಯಿ ಊಳಿಡಲು ಶುರು ಮಾಡಿತು. ಆ ಊಳು ಮೇಷ್ಟ್ರಿಗೆ ಚೆನ್ನಾಗಿ ಕೇಳಿಸಿತು, ನಾಯಿಗೆ ಏನಾಯಿತು ಎಂದು ಅತ್ತ ತಿರುಗಿದರು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲು ತೆರೆದುಕೊಂಡಿತು. ಇಂದುಮತಿ ಹಿಟ್ಟಿನ ಕೈಗಳನ್ನೇ ಕಿವಿಗೆ ಒತ್ತಿಕೊಂಡು ಓಡಿಬಂದರು.

“ರೀ, ನಿಲ್ಸಿ ಅದನ್ನ. ಕಿವಿ ಹರಿದುಹೋಗ್ತಿದೆ.”

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಹಿಟ್ಟು ಮೆತ್ತಿದ ಕೆನ್ನೆಯಲ್ಲಿ ನಾಟಕ ಇರಲಿಲ್ಲ. ಫೋನು ನೋಡಿದರು. ಆರು ಸಾವಿರ ಎಂದಿತ್ತು. ಹನ್ನೆರಡಲ್ಲ, ಆರು. ಅವರಿಗೆ ಶಬ್ದ ನಿಂತಿದ್ದು ಅದಕ್ಕೂ ಎಷ್ಟೋ ಮೊದಲು. ಬೆರಳಿನಿಂದ ಒತ್ತಿ ನಿಲ್ಲಿಸಿದರು. ಮಕ್ಕಳ ಭುಜಗಳು ಒಮ್ಮೆಗೇ ಇಳಿದವು. ಅವರ ಪಾಲಿಗೆ ಮಾತ್ರ ಏನೂ ಬದಲಾಗಲಿಲ್ಲ, ನಿಲ್ಲಿಸುವ ಮೊದಲೂ ಮೌನ, ಆಮೇಲೂ ಮೌನ.

ಪ್ರೆಸ್ಸಿನ ಸದ್ದು, ಮೇಲೆ ಸರಿಸಿದ ಬಟ್ಟಲು, ತಪಾಸಣೆಯ ವ್ಯಾನು, ಉತ್ತಮ್‌ನ ನಗು, ಪಾರ್ಕಿನ ಕಾಗದದ ತಟ್ಟೆ, ಎಲ್ಲವೂ ಒಂದರ ಹಿಂದೊಂದು ಬಂದು ಎದುರು ನಿಂತವು. ಮೇಷ್ಟ್ರು ಸ್ಟೂಲಿನ ಮೇಲೆ ಕೂತರು. ಅಭ್ಯಾಸಬಲದಿಂದ, ಪಾಠದ ದನಿಯಲ್ಲೇ ಹೇಳಿದರು.

“ಉತ್ತರ ಬರ್ತಾನೇ ಇತ್ತು. ನನ್ನ ಕಿವಿ...”

ಕೈ ತಾನಾಗಿಯೇ ಚಾಚಿಕೊಂಡಿತ್ತು. ಎಲ್ಲ ಮಕ್ಕಳಿಗೂ ಉತ್ತರ ಗೊತ್ತಿತ್ತು, ಈಗ ತಾನೇ ರಿಮೋಟಿನ ಪಾಠದಲ್ಲಿ ಬಂದದ್ದು. ಬಾಗಿಲಿಗೆ ವಾಪಸ್ಸು ಬಂದು ನಿಂತಿದ್ದ ಅಲ್ವಿನ್ ಕೂಡ ಬಾಯಿ ತೆರೆಯಲಿಲ್ಲ. ಒಬ್ಬರೂ ಆ ಪದವನ್ನು ಅವರಿಗೆ ಕೊಡಲಿಲ್ಲ. ಈ ಮಕ್ಕಳಿಗೆ ಗೌರವ ಇಲ್ಲ ಎಂದಿದ್ದೆನಲ್ಲ ಎಂದು ಮೇಷ್ಟ್ರಿಗೆ ಕಣ್ಣು ತುಂಬಿತು.

“ಸಾಲದು” ಎಂದು ತಾವೇ ಮುಗಿಸಿದರು.

ಮಕ್ಕಳು ಚೀಲ ಎತ್ತಿಕೊಂಡು ಹೊರಡುವಾಗ ಅದಿತಿಯನ್ನು ಕರೆದು ಕೇಳಿದರು. “ನೀನು ಉತ್ತರ ಹೇಳ್ತಿದ್ಯಾ ಮರಿ, ಇಷ್ಟು ದಿನ?”

ಅವಳು ಚೀಲದ ಪಟ್ಟಿ ಹಿಡಿದುಕೊಂಡು ಅವರಿಗೆ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. “ಎವ್ರಿ ಟೈಮ್, ಅಂಕಲ್. ದೆನ್ ಐ ಸ್ಟಾಪ್ಡ್.”

ಮರುದಿನ, ಭಾನುವಾರದ ಪಾಠಕ್ಕೆ ರಜೆ ಕೊಟ್ಟು, ಗಂಡ ಹೆಂಡತಿ ಇಬ್ಬರೂ ಸುಭದ್ರಾ ಅವರ ಮನೆಗೆ ಹೋದರು. ತಪ್ಪು ನಿಮ್ಮ ಹುಡುಗಿಯದಲ್ಲ, ನನ್ನದು, ನಾಲ್ಕು ಜನರ ಎದುರು ಅಂದೆ, ಆ ನಾಲ್ಕು ಜನಕ್ಕೂ ಹೇಳುತ್ತೇನೆ ಎಂದರು ಮೇಷ್ಟ್ರು. ಹೇಳಿದರು ಕೂಡ, ಒಬ್ಬೊಬ್ಬರಿಗೂ ಫೋನು ಮಾಡಿ. ಸುಭದ್ರಾ “ಅಯ್ಯೋ ಬಿಡಿ ಸಾರ್, ಕಾಫಿ ಕುಡೀರಿ” ಎಂದು ಕಣ್ಣೊರೆಸಿಕೊಂಡರು. ಅದಿತಿ ಮಾತ್ರ ತನ್ನ ಕೋಣೆಯ ಬಾಗಿಲು ತೆರೆಯಲಿಲ್ಲ. ಅವಳು ಬರದಿದ್ದರೆ ಗ್ಯಾರೇಜು ತೆರೆದರೂ ದಂಡ ಎಂದು ದಾರಿಯಲ್ಲಿ ಮೇಷ್ಟ್ರು ಹೇಳಿದರು.

ಕಿವಿ ಪರೀಕ್ಷೆ ಮಾಡಿದ ಹುಡುಗಿ ಗ್ರಾಫನ್ನು ತಿರುಗಿಸಿ ತೋರಿಸಿದಳು. ಗೆರೆ ಸಮತಟ್ಟಾಗಿ ಬಂದು ಒಂದು ಕಡೆ ಬಾವಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಜನರ ಮಾತಿನ ಗುಂಯ್ ನಿಮಗೆ ಕೇಳುತ್ತದೆ, ಆದರೆ ಸ, ಶ, ಫ, ತ ಇಂಥ ಸದ್ದುಗಳೆಲ್ಲ ಈ ಎತ್ತರದಲ್ಲಿವೆ, ಅವು ಬೀಳದಿದ್ದರೆ ಮಾತು ಗೊಣಗಿದ ಹಾಗಿರುತ್ತದೆ ಎಂದಳು. ಮೇಷ್ಟ್ರು ಶಿಷ್ಯನಂತೆ ತಲೆಯಾಡಿಸಿದರು. ಕಿವಿಗೆ ಎರಡು ಪುಟ್ಟ ಯಂತ್ರ ಬಂದವು. ಮೊದಲ ದಿನವೆಲ್ಲ ಗೋಳೇ ಗೋಳು. ಪೇಪರ್ ಮಡಿಸಿದರೆ ಮನೆ ಮುರಿದ ಸದ್ದು, ನಲ್ಲಿ ಬಿಟ್ಟರೆ ಜಲಪಾತ, ಹಿತ್ತಿಲ ಮ್ಯಾಗ್‌ಪೈ ಹಕ್ಕಿಗಳಿಗೆ ಇಷ್ಟು ಮಾತು ಯಾಕೆ ಬೇಕು ಎಂದು ಜಗಳ. ಮಧ್ಯಾಹ್ನ ಇಂದುಮತಿ ಕಾಫಿ ಲೋಟ ಮೇಜಿನ ಮೇಲಿಡುವಾಗ ಮೇಷ್ಟ್ರು ಅವರ ಮಣಿಕಟ್ಟನ್ನೇ ನೋಡಿದರು.

“ಗಾಜಿನ ಬಳೆ ಮತ್ತೆ ಯಾವಾಗ ಹಾಕ್ಕೊಂಡೆ?”

“ತೆಗೆದಿದ್ದು ಯಾವಾಗ? ಲ್ಯಾಬಿಗೆ ಹೋಗುವಾಗ ಬಿಟ್ರೆ ಮನೇಲಿ ಯಾವಾಗ್ಲೂ ಇರುತ್ತೆ” ಎಂದರು ಇಂದುಮತಿ, ಮೆಲ್ಲನೆಯ ದನಿಯಲ್ಲಿ. ಆ ಮನೆಯಲ್ಲಿ ಅವರು ಅಷ್ಟು ಮೆಲ್ಲಗೆ ಮಾತಾಡಿ ವರ್ಷಗಳೇ ಆಗಿದ್ದವು. ಮೇಷ್ಟ್ರು ಆ ಕೈಯನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಬಿಡಲಿಲ್ಲ.

ಯಂತ್ರ ಹಾಕಿಕೊಂಡ ಮೇಲಿನ ಮೊದಲ ಶನಿವಾರ ಬಂತು. ಮೇಷ್ಟ್ರು ಇಸ್ತ್ರಿ ಷರ್ಟು ಹಾಕಿಕೊಂಡು ಬೆಳಗಿನಿಂದ ಗ್ಯಾರೇಜಿನ ಬಾಗಿಲಲ್ಲೇ ಸುಳಿದಾಡುತ್ತಿದ್ದರು. ಅಲ್ವಿನ್ ಬಂದ, ಉಳಿದವರೂ ಬಂದರು. ಅದಿತಿಯ ಕುರ್ಚಿ ಖಾಲಿ ಇತ್ತು. ಪಾಠ ಶುರುವಾಯಿತು. “ಸೆಕೆಂಡಿಗೆ ಎಷ್ಟು ಅಲೆ ಅನ್ನೋದನ್ನ ಅಳೆಯೋದು...” ಎಂದು ಕೈ ಚಾಚಿದರೆ ಮಕ್ಕಳೆಲ್ಲ, ಅವರಿಗೆ ಕೇಳಿಸಲಿ ಎಂದು, ಗಂಟಲು ಹರಿಯುವ ಹಾಗೆ “ಹರ್ಟ್ಜ್” ಎಂದು ಅರಚಿದರು. ಮೇಷ್ಟ್ರು ಎರಡೂ ಕಿವಿ ಹಿಡಿದುಕೊಂಡರು.

“ಮೆಲ್ಲಗೆ ಕಣ್ರೋ. ಈಗ ನನಗೆ ನೀವು ಉಸಿರಾಡೋದೂ ಕೇಳ್ಸುತ್ತೆ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆ ಸುಭದ್ರಾ ಅವರ ಕಾರು ಬಂದು ನಿಂತಿತು. ಅದಿತಿ ಇಳಿದು, ಯಾರನ್ನೂ ನೋಡದೆ ಬಂದು, ತನ್ನ ಜಾಗದಲ್ಲಿ ಕೂತು ಪುಸ್ತಕ ತೆರೆದಳು.

ಮೇಷ್ಟ್ರು ಮೂಲೆಯಲ್ಲಿ ಮಡಿಸಿಟ್ಟಿದ್ದ ಹತ್ತಿ ಸೀರೆಯನ್ನು ತೆಗೆದು ಒಂದು ತುದಿಯನ್ನು ಅವಳ ಮುಂದೆ ಹಿಡಿದರು. ಅವಳು ಸ್ವಲ್ಪ ತಡೆದು ತೆಗೆದುಕೊಂಡಳು. ಮೇಷ್ಟ್ರು ಹಿಂದೆ ಹಿಂದೆ ನಡೆದು ಗ್ಯಾರೇಜಿನ ಆ ಕೊನೆಗೆ ಹೋಗಿ ಒಮ್ಮೆ ಒದರಿದರು. ಉಬ್ಬು ಓಡುತ್ತ ಹೋಗಿ ಅವಳ ಕೈ ಮುಟ್ಟಿತು.

“ಸೀರೆ ಮೇಲೆ ಕೆಳಗೆ. ಅಲೆ ಅಡ್ಡಕ್ಕೆ. ಇಂಥ ಅಲೆಗೆ ಹೆಸರು...”

ಕೈಯಲ್ಲಿ ಸೀರೆ ಇದ್ದುದರಿಂದ ಅವರು ಕೈ ಚಾಚಲಿಲ್ಲ, ಸುಮ್ಮನೆ ಕಾದರು. ಅಲ್ವಿನ್ ಬಾಯಿ ತೆರೆದವನು ಪಕ್ಕದವಳು ತಿವಿದದ್ದಕ್ಕೆ ಮುಚ್ಚಿಕೊಂಡ. ಅದಿತಿ ಸೀರೆಯ ಅಂಚನ್ನು ನೋಡುತ್ತಲೇ, ಜೋರು ಮಾಡದೆ, ತನ್ನ ಎಂದಿನ ತೆಳ್ಳಗಿನ ದನಿಯಲ್ಲಿ ಹೇಳಿದಳು.

“ಟ್ರಾನ್ಸ್‌ವರ್ಸ್.”

ಪದದ ಕೊನೆಯ ಆ ಸಣ್ಣ ‘ಸ್’ ಎನ್ನುವ ಸದ್ದು ಗ್ಯಾರೇಜಿನ ಆ ತುದಿಯಿಂದ ಈ ತುದಿಗೆ ಬಂದು ಮೇಷ್ಟ್ರ ಕಿವಿ ಮುಟ್ಟಿತು.

“ಸರಿ” ಎಂದರು ಅವರು. ಸೀರೆಯ ತುದಿಯಿಂದ ಮೂಗು ಒರೆಸಿಕೊಂಡು, ಬೋರ್ಡಿನ ಕಡೆ ತಿರುಗಿ, ಮುಂದಿನ ವಾಕ್ಯ ಶುರು ಮಾಡಿದರು.